ಲಾರಿಯ ಬ್ಯಾಟರಿ, ಮನೆಯ ರಾತ್ರಿ

ಬೇಸಗೆ ಆಗಷ್ಟೇ ಕಾಲಿಡುತ್ತಿತ್ತು. ಬೆಳಗಿನ ಬಿಸಿಲು ಲಾರಿಯ ಮುಂಗಾಜಿನಿಂದ ಜಾರಿ ಬಾನೆಟ್ಟಿಗೆ ಇಳಿಯುವ ಹೊತ್ತು. ಆ ಹೊತ್ತಿನಲ್ಲಿ ಡ್ರೈವರಜ್ಜ ಸ್ಪಾನರ್ ಹಿಡಿದು ಲಾರಿಯ ಪಕ್ಕದ ಪೆಟ್ಟಿಗೆ ಬಿಚ್ಚಿದ. ಒಳಗಿದ್ದ ಎರಡೂ ಬ್ಯಾಟರಿಗಳನ್ನು ಹೊರಗೆಳೆದು, ಹಸುಗೂಸಿನ ಮುಖ ಒರೆಸಿದ ಹಾಗೆ ಬಟ್ಟೆಯಿಂದ ಒರೆಸಿ, ಜಗುಲಿಯ ಮೇಲೆ ಸಾಲಾಗಿ ಇಟ್ಟ. ಎಲ್ಲ ಶುರುವಾದದ್ದು ಅಲ್ಲಿಂದ.

ಅವನ ಮನೆ ಹಳೇ ರಸ್ತೆಯ ಮೇಲಿತ್ತು. ಒಂದು ಕಾಲದಲ್ಲಿ ಲಾರಿಗಳು ಹಗಲೂ ರಾತ್ರಿ ಓಡಾಡಿ, ಗೋಡೆಯ ಮೇಲಿನ ತಟ್ಟೆಗಳೆಲ್ಲ ಗಲಗಲ ಅನ್ನುತ್ತಿದ್ದ ಮನೆ. ಆಮೇಲೆ ಹೊಸ ರಸ್ತೆ ಬೇರೆ ಕಡೆಯಿಂದ ಹೋಯಿತು. ಕರೆಂಟಿನ ಕಂಬಗಳೂ ಅದರ ಹಿಂದೆಯೇ ಹೋದವು. ಹಳೇ ರಸ್ತೆಗೆ ಉಳಿದದ್ದು ಬಿರುಕು ಬಿಟ್ಟ ಡಾಂಬರು, ಡ್ರೈವರಜ್ಜ, ಅವನ ಲಾರಿ, ಮತ್ತು ಅವನ ಮೊಮ್ಮಗಳು.

ಮೊಮ್ಮಗಳಿಗೆ ಹಾರ್ನು ಎಂದು ಅವನೇ ಹೆಸರಿಟ್ಟಿದ್ದ. ಹುಟ್ಟಿದ ದಿನ ಅತ್ತ ಅಳು ಹಾಗಿತ್ತು. ಹಿರಿಮಗಳು ಆ ಕೂಸನ್ನು ಅವನ ಮಡಿಲಿಗೆ ಹಾಕಿ, ಕೆಲವೇ ವರ್ಷಕ್ಕೆ ಕಣ್ಣು ಮುಚ್ಚಿದಳು. ಅಪ್ಪನೆನ್ನಿಸಿಕೊಂಡವನು ಅದಕ್ಕೂ ಮೊದಲೇ ಕಾಲಿಗೆ ಬುದ್ಧಿ ಹೇಳಿದ್ದ. ಹಾರ್ನಿಗೆ ಏಳು ತುಂಬುವ ಮೊದಲೇ ಸಕ್ಕರೆ ಕಾಯಿಲೆ ಬಂತು. ದೊಡ್ಡವರಿಗೆ ಬರುವಂಥದ್ದಲ್ಲ, ಮಕ್ಕಳಿಗೆ ಬರುವಂಥದ್ದು. ದಿನಾ ಸೂಜಿ ಚುಚ್ಚಿಸಿಕೊಳ್ಳಬೇಕು, ಒಂದು ಹೊತ್ತೂ ತಪ್ಪುವ ಹಾಗಿಲ್ಲ. ಆ ಔಷಧಿಯನ್ನು ತಣ್ಣಗೆ ಇಡಬೇಕು. ಆಸ್ಪತ್ರೆ ದೂರ, ಅವರು ಒಂದೇ ಸಲಕ್ಕೆ ತಿಂಗಳುಗಟ್ಟಲೆಗಾಗುವಷ್ಟು ಸೀಸೆ ಕೊಟ್ಟು ಕಳಿಸುತ್ತಿದ್ದರು. ಚಳಿಗಾಲದಲ್ಲಿ ಒದ್ದೆ ಮರಳಿನ ಮಡಕೆಯಲ್ಲಿಟ್ಟರೆ ಸಾಕಾಗುತ್ತಿತ್ತು. ಬೇಸಗೆಯಲ್ಲಿ ತಗಡಿನ ಮಾಡಿನ ಕೆಳಗೆ ಮಡಕೆಯೂ ಬೇಯುತ್ತದೆ.

ಪಟ್ಟಣದಲ್ಲಿದ್ದ ಕಿರಿಮಗಳು ಇದನ್ನೇ ಹಿಡಿದುಕೊಂಡು ಬಂದಿದ್ದಳು. "ಮಗೂನ ನನ್ನ ಹತ್ರ ಬಿಡಪ್ಪ. ನಮ್ಮಲ್ಲಿ ಕರೆಂಟಿದೆ, ಫ್ರಿಜ್ಜಿದೆ, ಕೂಗಳತೆಗೆ ಆಸ್ಪತ್ರೆ ಇದೆ."

"ನಿಮ್ಮಕ್ಕ ನನ್ನ ಕೈಗೆ ಕೊಟ್ಟು ಹೋಗಿದ್ದು."

"ಅಕ್ಕ ಕೊಟ್ಟಿದ್ದು ನಿಜ. ಬಿಸಿಲಿಗೆ ಕೊಡು ಅಂತ ಹೇಳಿ ಹೋದ್ಲಾ?"

ಮಾತಿಗೆ ಮಾತು ಬೆಳೆದು, ಕೊನೆಗೆ ಅವಳೇ ಸೋತಳು. ತನ್ನ ಗಂಡನಿಗೆ ಹೇಳಿ ಸೋಲಾರ್ ಪ್ಲೇಟುಗಳನ್ನೂ, ಮೊಣಕಾಲೆತ್ತರದ ಒಂದು ಫ್ರಿಜ್ಜನ್ನೂ ತಂದು, ಮಾಡಿನ ಮೇಲೆ ಪ್ಲೇಟು ಕೂರಿಸಿ ಕೊಟ್ಟಳು. ಹೊರಡುವಾಗ ಹೇಳಿದಳು: "ಬ್ಯಾಟರಿ ಒಂದು ನೀನು ನೋಡ್ಕೊ. ಅದರ ವಿಷಯ ನಿನಗೆ ನಾವು ಹೇಳಿಕೊಡಬೇಕಾ? ಆದ್ರೆ ಕೇಳಪ್ಪ, ಈ ಬೇಸಗೇಲಿ ಔಷಧಿ ಕೆಟ್ಟು ಅವಳಿಗೆ ಏನಾದ್ರೂ ಆಯ್ತೋ, ಆಮೇಲೆ ನಾನು ಕೇಳೋಕೆ ಬರಲ್ಲ, ಕರ್ಕೊಂಡು ಹೋಗೋಕೆ ಬರ್ತೀನಿ."

"ಬಾ ಬಾ. ಫ್ರಿಜ್ಜಿನ ನೀರು ಕುಡಿದು ಹೋಗುವಂತೆ," ಎಂದು ಅಜ್ಜ ನಕ್ಕಿದ್ದ.

ಬ್ಯಾಟರಿ ನೋಡಲು ಅವನು ಪೇಟೆಗೆ ಹೋಗದೆ ಇರಲಿಲ್ಲ. ಸೋಲಾರ್ ಸಾಮಾನಿನ ಅಂಗಡಿ ನಡೆಸುತ್ತಿದ್ದವಳು ಗಟ್ಟಿ ದನಿಯ ಹೆಂಗಸು. ಅವಳ ಹಿಂದೆ ಮೂರು ತರದ ಬ್ಯಾಟರಿ ಇದ್ದವು. ಅಜ್ಜ ಬಾಗಿಲಲ್ಲೇ ನಿಂತು ಲಾರಿಯ ಬ್ಯಾಟರಿಯತ್ತ ಬೆರಳು ಮಾಡಿದ. "ಇಂಥವು ನನ್ನ ಹತ್ರ ಎರಡಿವೆ. ಇನ್ನೆರಡು ಸೇರಿಸಿದ್ರೆ ಆಯ್ತಲ್ಲ?"

"ಮನೆಗಾ ಲಾರಿಗಾ?"

"ಮನೆಗೆ."

"ಹಾಗಾದ್ರೆ ಆಗಲ್ಲ ಅಜ್ಜ." ಅವಳು ಎದ್ದು ಬಂದಳು. "ಇದು ಎತ್ತೋ ಬ್ಯಾಟರಿ. ಇಂಜಿನ್ನನ್ನ ಒಂದು ಸಲ ಗಪ್ಪಂತ ಎತ್ತಿ ಕೂತ್ಕೊಳ್ಳುತ್ತೆ. ಆಮೇಲೆ ಇಂಜಿನ್ನೇ ಇದಕ್ಕೆ ಉಣ್ಣಿಸುತ್ತೆ. ಮನೆಗೆ ಬೇಕಾದ್ದು ಹೊರೋ ಬ್ಯಾಟರಿ. ಸಂಜೆಯಿಂದ ಬೆಳಗಿನ ತನಕ ಸ್ವಲ್ಪ ಸ್ವಲ್ಪವೇ ಕೊಡ್ತಾ ಇರಬೇಕು, ಅರ್ಧ ಹೊಟ್ಟೆಗಿಂತ ಕೆಳಗೆ ಹೋದ್ರೂ ಸಾಯಬಾರದು. ನೋಡು, ಈ ಎತ್ತರದ್ದು. ಇದರೊಳಗಿನ ಪ್ಲೇಟು ದಪ್ಪ. ಆಗಾಗ ಡಿಸ್ಟಿಲ್ಡ್ ನೀರು ಕುಡಿಸಬೇಕು, ಮಲಗೋ ಕೋಣೇಲಿ ಇಡಬಾರದು, ಅಷ್ಟೇ. ಅದೂ ಬೇಡ ಅಂದ್ರೆ ಈ ಲಿಥಿಯಂ ಪೆಟ್ಟಿಗೆ. ನೀರಿಲ್ಲ, ಹೊಗೆಯಿಲ್ಲ. ಲಾರಿದು ಮಾತ್ರ ಬೇಡ, ಎರಡು ತಿಂಗಳಿಗೆ ಸತ್ತುಹೋಗುತ್ತೆ."

"ನನ್ನವು ನಾಲ್ಕು ವರ್ಷದಿಂದ ಸತ್ತಿಲ್ಲಮ್ಮ."

"ಲಾರೀಲಿ ಸತ್ತಿಲ್ಲ."

"ಹತ್ತು ಟನ್ ಲಾರಿ ಎಬ್ಬಿಸೋ ಬ್ಯಾಟರಿಗೆ ಮೊಣಕಾಲುದ್ದದ ಡಬ್ಬಿ ನಡೆಸೋಕಾಗಲ್ಲ ಅಂತೀಯಲ್ಲ!"

"ನಾನು ಮಾರೋಕೆ ಹೇಳ್ತಿಲ್ಲ ಅಜ್ಜ, ಲಾರಿದೂ ನನ್ನಲ್ಲೇ ಇದೆಯಲ್ಲ. ಯಾತಕ್ಕೆ ಬೇಕು ಫ್ರಿಜ್ಜು?"

"ಮಗು ಔಷಧಿಗೆ."

ಅವಳು ಲಾರಿಯ ಬ್ಯಾಟರಿಯನ್ನು ಹಿಂದಕ್ಕೆ ತಳ್ಳಿದಳು. "ಔಷಧಿಗೆ ಅಂದ್ರೆ ಇನ್ನೂ ಬೇಡ," ಅಂದಳು.

ಅಜ್ಜ ಅದನ್ನು ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ. ಇಂಜಿನ್ನಿನ ಪಕ್ಕ ಕೂತೂ ಕೂತೂ ಅವನ ಎಡಗಿವಿ ಸತ್ತೇ ಹೋಗಿತ್ತು, ಬಲಗಿವಿ ಮಂದವಾಗಿತ್ತು. ಆದರೆ ಅಂದು ಅವಳ ಮಾತು ಅವನಿಗೆ ಚೆನ್ನಾಗಿಯೇ ಕೇಳಿಸಿತ್ತು. ಇಂಜಿನ್ ಬಿಚ್ಚಿ ರಿಪೇರಿ ಮಾಡಿಸಲೆಂದು ಕೂಡಿಟ್ಟ ದುಡ್ಡು ಒಳಜೇಬಿನಲ್ಲೇ ಇತ್ತು, ಕೈ ಹೋಗಲಿಲ್ಲ. ಎಂದೂ ಮುಟ್ಟಿ ನೋಡದ, ಒಳಗೇನಿದೆಯೆಂದು ತಿಳಿಯದ ಪೆಟ್ಟಿಗೆಯನ್ನು ಒಂದು ಹೆಂಗಸಿನ ಮಾತಿನ ಮೇಲೆ ಮನೆಗೆ ಒಯ್ಯುವುದೇ? ಅವನು ನೇರ ಡೈನಮೋನ ಗ್ಯಾರೇಜಿಗೆ ನಡೆದ.

ಡೈನಮೋ ಅವನ ಹಳೇ ಗೆಳೆಯ, ಲಾರಿಗಳ ವೈರಿಂಗ್ ಮಾಡುವವನು. ಬ್ಯಾಟರಿಗೆ ಅವರಿಬ್ಬರ ಪರೀಕ್ಷೆ ಒಂದೇ: ವೈರು ಕಚ್ಚಿಸುವ ಎರಡು ಕೊಂಬಿಗೂ ಅಡ್ಡಲಾಗಿ ಸ್ಪಾನರನ್ನು ಒಮ್ಮೆ ತಾಗಿಸಿ ತೆಗೆಯುವುದು. ಕಿಡಿ ದಪ್ಪಗೆ ಹಾರಿದರೆ ಬ್ಯಾಟರಿ ಗಂಡು, ಸಣ್ಣಗೆ ಹಾರಿದರೆ ಗುಜರಿ ತೂಕಕ್ಕೆ ಹಾಕು. ಡೈನಮೋ ಒಂದು ಲಾರಿ ಬ್ಯಾಟರಿಗೆ ಸ್ಪಾನರ್ ತಾಗಿಸಿದ. ಚಟ್ಟನೆ ನೀಲಿ ಕಿಡಿ ಹಾರಿ ಕಬ್ಬಿಣ ಸುಟ್ಟ ವಾಸನೆ ಬಂತು.

"ನೋಡಿದ್ಯಾ? ಹುಲಿ!" ಅಂದ ಡೈನಮೋ. "ಇನ್ನು ಆ ಅಂಗಡಿಯಾಕೆ ಪೆಟ್ಟಿಗೇಲಿ ಕಿಡಿ ತೆಗಿ ನೋಡೋಣ. ಮುಚ್ಚಳಾನೇ ತೆಗೆಯೋಕಾಗಲ್ಲ."

"ಮುಚ್ಚಳ ತೆಗೆಯೋಕಾಗದ್ದನ್ನ ನಂಬಬಾರದು."

"ನಮ್ಮ ಮನೆಯವಳು ನನ್ನ ಬಗ್ಗೆ ಅದನ್ನೇ ಅಂತಾಳೆ," ಎಂದು ಡೈನಮೋ ಗಹಗಹಿಸಿದ. ಇಬ್ಬರೂ ಕೂತು ಚಹಾ ಕುಡಿದರು. ಅಂಥವೇ ಎರಡು ಕೊಂಡು, ತನ್ನ ಲಾರಿಯ ಎರಡರ ಜೊತೆ ಸೇರಿಸಿ, ಅಜ್ಜ ಮನೆಯ ಹಿಂಗೋಡೆಗೆ ಹಚ್ಚಿ ಕೂರಿಸಿದ. ಲಾರಿ ಹೇಗೂ ಬಾಡಿಗೆಯಿಲ್ಲದೆ ನಿಂತಿತ್ತು. ಬೇಕಾದಾಗ ಬಿಚ್ಚಿ ಹಾಕಿಕೊಂಡರಾಯಿತು.

ಮೊದಲ ದಿನಗಳು ಹಬ್ಬದಂತಿದ್ದವು. ಫ್ರಿಜ್ಜಿನ ಬಾಗಿಲು ತೆರೆದರೆ ಒಳಗೆ ದೀಪ ಹತ್ತುವುದನ್ನು ನೋಡಲು ಹಾರ್ನು ಸುಮ್ಮಸುಮ್ಮನೆ ತೆರೆಯುವಳು. "ಮುಚ್ಚೇ, ತಂಪು ಓಡಿಹೋಗುತ್ತೆ," ಎಂದು ಅಜ್ಜ ಗದರುವನು, ಅವನು ಆಚೆ ಹೋದದ್ದೇ ತಡ ಮತ್ತೆ ತೆರೆಯುವಳು. ಔಷಧಿಯ ಸೀಸೆಗಳು ನಡುವಿನ ಶೆಲ್ಫಿನಲ್ಲಿ ಸಾಲಾಗಿ ಕೂತವು. ಮೇಲಿನ ಮಂಜಿನ ಗೂಡಿನಲ್ಲಿ ಅವಳು ತನ್ನದೇ ಒಂದು ಪುಟ್ಟ ಬಟ್ಟಲು ನೀರಿಟ್ಟಳು. ಅದು ಗಟ್ಟಿಯಾದ ಮೇಲೆ ಬ್ಯಾಟರಿ ಬಿಚ್ಚುವಾಗ ಸಿಕ್ಕ ಒಂದು ವಾಷರನ್ನು ಅದರ ಮೇಲೆ ಇಟ್ಟಳು.

"ಅದೇನೇ?"

"ಸ್ಟೆಪ್ನಿ ಟಯರು. ಮಂಜಿನ ರಸ್ತೆ ಮೇಲೆ."

"ಲಾರಿ ಎಲ್ಲಿ?"

"ಮುಂದೆ ಹೋಗಿದೆ. ಇದು ಬಿದ್ದೋಗಿರೋದು."

ಅಜ್ಜ ಅದನ್ನು ಡೈನಮೋಗೂ ಹೇಳಿ ನಕ್ಕಿದ್ದ. ದಿನಾ ಬೆಳಿಗ್ಗೆ ಎದ್ದೊಡನೆ ಅವಳು ತನ್ನ ಸ್ಟೆಪ್ನಿ ನೋಡಲು ಓಡುವಳು, ಅದು ಇಟ್ಟಲ್ಲೇ ಕೂತಿರುವುದು.

ಬಿಸಿಲು ಬಲಿಯಿತು. ಒಂದು ಬೆಳಿಗ್ಗೆ ಅವಳು ಬಟ್ಟಲು ಹಿಡಿದುಕೊಂಡೇ ಜಗುಲಿಗೆ ಬಂದಳು. "ಅಜ್ಜಾ, ನನ್ನ ಸ್ಟೆಪ್ನಿ ಮುಳುಗೋಯ್ತು."

ಅಜ್ಜ ಹಲ್ಲುಜ್ಜುತ್ತಿದ್ದ. ಬಲಗಿವಿ ಮುಂದೆ ಮಾಡಿ ಇನ್ನೊಂದು ಸಲ ಹೇಳಿಸಿಕೊಂಡು, ಬಾಯಿ ಮುಕ್ಕಳಿಸಿ ನಕ್ಕ. "ಕಬ್ಬಿಣ ಕಣೇ ಅದು. ಮುಳುಗದೆ ಮತ್ತೇನು ಈಜುತ್ತಾ?"

ಮಧ್ಯಾಹ್ನದ ಹೊತ್ತಿಗೆ ನೀರು ಮತ್ತೆ ಗಟ್ಟಿಯಾಗಿ, ವಾಷರು ತಳದಲ್ಲಿ ಸಿಕ್ಕಿಕೊಂಡಿತು. ಅವಳು ಬಿಸಿಲಿಗಿಟ್ಟು ಕರಗಿಸಿ ತೆಗೆದು, ಬೇರೆ ನೀರಿಟ್ಟು, ಸಂಜೆಗೆ ಅದು ಗಟ್ಟಿಯಾದ ಮೇಲೆ ಮತ್ತೆ ಮೇಲಿಟ್ಟಳು. ಬೆಳಿಗ್ಗೆ ಮತ್ತೆ ಮುಳುಗಿತ್ತು. ಮತ್ತೆ ಹೇಳಿದಳು. "ಹೊಸ ಸ್ಟೆಪ್ನಿ ತರೋಣ ಬಿಡು," ಅಂದ ಅಜ್ಜ. ಇನ್ನೊಂದು ಸಲ ಹೇಳಿದಾಗ ಅವನು ನಗಲೂ ಇಲ್ಲ. ಆ ಹೊತ್ತಿಗೆ ಅವನ ತಲೆಯಲ್ಲಿ ಬೇರೆಯೇ ಹುಳ ಹೊಕ್ಕಿತ್ತು.

ಬೆರಳು ಚುಚ್ಚಿ ರಕ್ತ ನೋಡುವ ಸಣ್ಣ ಯಂತ್ರ ಆಸ್ಪತ್ರೆಯವರು ಕೊಟ್ಟಿದ್ದರು. ಅದರಲ್ಲಿ ಬರುವ ಅಂಕಿ ದಿನದಿಂದ ದಿನಕ್ಕೆ ಏರುತ್ತಿತ್ತು. ಸೂಜಿ ಹೊತ್ತು ಹೊತ್ತಿಗೆ ಆಗುತ್ತಿತ್ತು, ಊಟ ಅಳೆದೇ ಕೊಡುತ್ತಿದ್ದ. ಹಾಗಿದ್ದ ಮೇಲೆ ಅಂಕಿ ಏರುವುದೆಂದರೆ? ಹುಡುಗಿ ಎಲ್ಲೋ ಸಿಹಿ ಕದ್ದು ತಿನ್ನುತ್ತಿದ್ದಾಳೆ. ಹೊಸ ರಸ್ತೆಯ ಚಹಾದಂಗಡಿಯ ಮುದುಕಿಗೆ ಇವಳ ಮೇಲೆ ಅಕ್ಕರೆ. ಅವಳೇ ಕೊಡುತ್ತಿರಬೇಕು.

ಅವನು ಶಾಲೆಯ ಚೀಲ ಬೋರಲು ಹಾಕಿ ಕೊಡವಿದ. ಪೆನ್ಸಿಲ್ಲು, ಒಂದು ಚಪ್ಪಟೆ ಕಲ್ಲು ಬಿಟ್ಟರೆ ಏನೂ ಬೀಳಲಿಲ್ಲ.

"ನಿಜ ಹೇಳು. ಏನು ತಿಂತಿದ್ದೀಯ?"

"ಏನೂ ಇಲ್ಲ ಅಜ್ಜ."

"ಯಂತ್ರ ಸುಳ್ಳು ಹೇಳುತ್ತಾ ಹಾಗಾದ್ರೆ?"

"ನಾನೂ ಹೇಳ್ತಿಲ್ಲ."

"ಎದುರು ಮಾತಾಡಬೇಡ! ನಿಮ್ಮ ಚಿಕ್ಕಮ್ಮ ಬಂದು ಎಳ್ಕೊಂಡು ಹೋಗ್ತಾಳೆ, ಅದೇ ಬೇಕಾ ನಿನಗೆ? ಕಳ್ಳಿ!"

ಆ ಮಾತು ಆಡಿದ ಮೇಲೆ ಅವನ ನಾಲಿಗೆಯೇ ಅವನಿಗೆ ಕಹಿಯಾಯಿತು. ಹಾರ್ನು ಅಳಲಿಲ್ಲ. ಚೀಲಕ್ಕೆ ಒಂದೊಂದೇ ಸಾಮಾನು ತುಂಬಿಕೊಂಡು ಎದ್ದು ಹೋದಳು. ಆಮೇಲೆ ಅವಳು ಸ್ಟೆಪ್ನಿಯ ಸುದ್ದಿ ಎತ್ತಲಿಲ್ಲ. ಕೊಡದಲ್ಲಿದ್ದ ನೀರು ಖಾಲಿಯಾಗುವಷ್ಟು ಕುಡಿಯುವಳು, ಹೊರಗೆ ಹೋಗುವಳು, ಬಂದು ಗೋಡೆಗೆ ಒರಗುವಳು. ತೋಳುಗಳು ಕಡ್ಡಿಯಾದವು. ಅಜ್ಜ ಚಹಾದಂಗಡಿಯ ಮುದುಕಿಯ ಜೊತೆ ಜಗಳವಾಡಿ ಬಂದ. "ನನ್ನ ಕೈಯಾರೆ ಒಂದು ಬಿಸ್ಕತ್ತೂ ಕೊಟ್ಟಿಲ್ಲಪ್ಪ, ನನ್ನ ಕಣ್ಣಾಣೆ," ಎಂದು ಆಕೆ ಅತ್ತಳು. ಅವನು ನಂಬಲಿಲ್ಲ. ಫ್ರಿಜ್ಜನ್ನು ಮಾತ್ರ ಅವನು ಅನುಮಾನಿಸಲಿಲ್ಲ. ಬಿಸಿಲೇರಿದ ಮೇಲೆ ಸೀಸೆ ತೆಗೆಯಲು ಹೋದಾಗಲೆಲ್ಲ ಅದು ತಣ್ಣಗೇ ಇರುತ್ತಿತ್ತು, ಹೊಟ್ಟೆಯ ಮೇಲೆ ಕೈಯಿಟ್ಟರೆ ನಡುಗುತ್ತಿತ್ತು. ಸಂಜೆಯೂ ಹಾಗೆಯೇ. ನಡುವೆ ರಾತ್ರಿಯೊಂದು ಇತ್ತು. ಆಗ ಅವನು ನಿದ್ದೆಯಲ್ಲಿರುತ್ತಿದ್ದ. ಗುಂಯ್ ಅನ್ನುವ ಸದ್ದು ನಿಂತರೂ ಕೇಳುವ ಕಿವಿ ಅವನಿಗೆ ಇರಲಿಲ್ಲ.

ಅಂದು ಬೆಳಿಗ್ಗೆ ಮೋಡ ಕವಿದಿತ್ತು. ಮಳೆಯಿಲ್ಲ, ಗಾಳಿಯಿಲ್ಲ, ಮುಚ್ಚಳ ಹಾಕಿದ ಪಾತ್ರೆಯಂತೆ ಆಕಾಶ. ಹಾರ್ನು ಏಳಲಿಲ್ಲ. ಅಜ್ಜ ಹತ್ತಿರ ಹೋದ. ಅವಳು ವಾಂತಿ ಮಾಡಿಕೊಂಡಿದ್ದಳು. ದೂರದಿಂದ ಓಡಿ ಬಂದವಳ ಹಾಗೆ ಏದುಸಿರು ಬಿಡುತ್ತಿದ್ದಳು. ಉಸಿರಿಗೆ ಕೊಳೆತ ಹಣ್ಣಿನ ವಾಸನೆ. "ಏಯ್ ಹಾರ್ನು, ಪುಟ್ಟಾ, ಕಣ್ಣು ಬಿಡು," ಅಂದರೆ ಕಣ್ಣು ಅರೆ ತೆರೆದು ಮತ್ತೆ ಮುಚ್ಚಿಕೊಂಡವು.

ಅವನು ಔಷಧಿಗೆಂದು ಫ್ರಿಜ್ಜಿನತ್ತ ನುಗ್ಗಿದ. ಬಾಗಿಲು ತೆರೆದ. ದೀಪ ಹತ್ತಲಿಲ್ಲ. ಒಳಗಿನಿಂದ ಬಿಸಿ ಗಾಳಿ ಮುಖಕ್ಕೆ ಬಡಿಯಿತು, ಮುಚ್ಚಿದ ಲಾರಿ ಕ್ಯಾಬಿನ್ನಿನಿಂದ ಬರುವಂಥದ್ದು. ಸೀಸೆ ಕೈಗೆತ್ತಿಕೊಂಡರೆ ಮೈಯಷ್ಟೇ ಬೆಚ್ಚಗಿತ್ತು. ಮೇಲಿನ ಗೂಡಿನಲ್ಲಿ ಬಟ್ಟಲಿತ್ತು. ಅದರ ತುಂಬ ನೀರು. ವಾಷರು ತಳದಲ್ಲಿ ಕೂತಿತ್ತು. ಹೇಳುವುದನ್ನು ನಿಲ್ಲಿಸಿದ್ದಳು, ಇಡುವುದನ್ನು ನಿಲ್ಲಿಸಿರಲಿಲ್ಲ.

ಮುಳುಗೋಯ್ತು ಅಂದದ್ದು ಆಟದ ಮಾತಾಗಿರಲಿಲ್ಲ. ದಿನಾ ರಾತ್ರಿ ಬ್ಯಾಟರಿ ಕೈ ಚೆಲ್ಲುತ್ತಿತ್ತು, ಮಂಜು ಕರಗುತ್ತಿತ್ತು, ಔಷಧಿ ಬೇಯುತ್ತಿತ್ತು. ದಿನಾ ಬಿಸಿಲೇರಿದೊಡನೆ ಎಲ್ಲ ಮತ್ತೆ ತಣ್ಣಗಾಗಿ ಅವನ ಕಣ್ಣಿಗೆ ಮಣ್ಣೆರಚುತ್ತಿತ್ತು. ಇಂದು ಬಿಸಿಲು ಬರಲಿಲ್ಲ, ಅಷ್ಟೇ.

ಲಾರಿ! ಲಾರಿಯಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಹೊಡೆದರೆ! ಅವನು ಹಿಂಗೋಡೆಗೆ ಓಡಿ, ಎರಡು ಬ್ಯಾಟರಿ ಬಿಚ್ಚಿ, ಎದೆಗವಚಿಕೊಂಡು ಒಂದೊಂದಾಗಿ ಹೊತ್ತು ತಂದು, ಲಾರಿಯ ಪೆಟ್ಟಿಗೆಯಲ್ಲಿ ಕೂರಿಸಿದ. ಕ್ಯಾಬಿನ್ ಹತ್ತಿ ಕೀಲಿ ತಿರುಗಿಸಿದ.

ಟಿಕ್.

ಇನ್ನೊಮ್ಮೆ ತಿರುಗಿಸಿದ. ಟಿಕ್. ಉಳಿದೆರಡನ್ನು ತಂದು ಹಾಕಿದ. "ಏಳಮ್ಮಾ, ಏಳು ನನ್ನ ತಾಯಿ, ಒಂದೇ ಒಂದು ಸಲ," ಎಂದು ಸ್ಟೇರಿಂಗಿಗೆ ಹಣೆ ಹಚ್ಚಿದ. ಟಿಕ್ ಅನ್ನುವುದೂ ನಿಂತಿತು. ಇಳಿದು ಸ್ಪಾನರನ್ನು ಕೊಂಬಿಗೆ ತಾಗಿಸಿದ. ಬೀಡಿಯ ತುದಿಯಷ್ಟೂ ಕಿಡಿ ಹಾರಲಿಲ್ಲ. ದಿನಾ ತಳ ಕಾಣುವ ತನಕ ಹೀರಿ ಹೀರಿ ಅವನೇ ಅವುಗಳನ್ನು ಕೊಂದಿದ್ದ. ಈಗ ಹೊರಲೂ ಆಗದು, ಎತ್ತಲೂ ಆಗದು.

ಅವನು ಸೀಸೆಯನ್ನು ಜೇಬಿಗಿಳಿಸಿ, ಮಗುವನ್ನು ಬೆನ್ನಿಗೆ ಹಾಕಿ, ಹೊದಿಕೆಯಿಂದ ತನ್ನ ಸೊಂಟಕ್ಕೆ ಬಿಗಿದುಕೊಂಡು ಹೊರಟ. ಬಿರುಕು ಡಾಂಬರಿನ ಮೇಲೆ ಮುದಿ ಕಾಲುಗಳು ಎಡವಿದವು. ಅವಳ ಬಿಸಿ ಉಸಿರು ಬಲಗಿವಿಗೆ ತಾಗುತ್ತಿತ್ತು. ಆ ಉಸಿರನ್ನು ಕೇಳಿಸಿಕೊಳ್ಳಲು ಆಗಾಗ ನಿಲ್ಲುವನು, ಕೇಳಿದೊಡನೆ ಮತ್ತೆ ಓಡುವನು. "ಮಾತಾಡೇ ಹಾರ್ನು. ಬೈಯಿ ನನ್ನ. ಕಳ್ಳ ಅನ್ನು." ಹೊಸ ರಸ್ತೆ ಮುಟ್ಟಿದಾಗ ಲಾರಿಗಳು ಒಂದರ ಹಿಂದೊಂದು ಬರ್ರನೆ ಹೋದವು, ಯಾರೂ ನಿಲ್ಲಿಸಲಿಲ್ಲ. ಲೋಡು ಹೊತ್ತ ಗಾಡಿಯನ್ನು ಕೈ ತೋರಿಸಿದವರಿಗೆಲ್ಲ ನಿಲ್ಲಿಸಲಾಗುವುದಿಲ್ಲ. ಅದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅವನು ನಡುರಸ್ತೆಗೆ ಇಳಿದು ಎರಡೂ ಕೈ ಚಾಚಿ ನಿಂತ. ಬ್ರೇಕು ಕಿರುಚಿ, ಒಂದು ಬಂಪರು ಅವನ ಮೊಣಕಾಲ ಹತ್ತಿರ ಬಂದು ನಿಂತಿತು.

"ಸಾಯೋಕೆ ನನ್ನ ಗಾಡೀನೇ ಬೇಕಿತ್ತಾ ಮುದುಕ?" ಎಂದು ತಲೆ ಹೊರಹಾಕಿದ ಡ್ರೈವರು ಬೆನ್ನ ಮೇಲಿನ ಮಗುವನ್ನು ಕಂಡು, ಬೈಗುಳವನ್ನು ಅರ್ಧಕ್ಕೇ ನುಂಗಿ, ಬಾಗಿಲು ತೆಗೆದ.

ಹಾರ್ನು ಬದುಕಿದಳು. ಡಾಕ್ಟರಮ್ಮ ಹೇಳಿದ್ದು ಇಷ್ಟೇ: "ಮಗು ಏನೂ ಕದ್ದು ತಿಂದಿಲ್ಲ. ಈ ಔಷಧಿ ಕಾದು ಕಾದು ಸತ್ವ ಕಳ್ಕೊಂಡಿದೆ. ನೋಡೋಕೆ ಮೊದಲಿನ ಹಾಗೇ ಇರುತ್ತೆ. ನೀವು ದಿನಾ ಬರೀ ನೀರು ಚುಚ್ಚಿದ ಹಾಗೆ." ಅವನು ಹಾಸಿಗೆಯ ಬುಡದಲ್ಲಿ ಕೂತು ಮಗುವಿನ ಪಾದ ಹಿಡಿದುಕೊಂಡ. ಬಿಡು ಅಂದರೂ ಬಿಡಲಿಲ್ಲ.

ಕಿರಿಮಗಳು ಬಂದಳು. ಬೈಯಲಿಲ್ಲ. ಅಜ್ಜನಿಗೆ ಅದೇ ಹೆದರಿಕೆಯಾಯಿತು. "ಮಗು ಏಳೋ ತನಕ ನಾನಿಲ್ಲಿರ್ತೀನಿ, ನೀನು ಮನೆಗೆ ಹೋಗು," ಅಂದಳು.

ಅವನು ಮನೆಗೆ ಹೋಗದೆ ಸೀದಾ ಅಂಗಡಿಗೆ ಹೋದ. ಅಂಗಡಿಯಾಕೆ ಅವನ ಮುಖ ನೋಡಿದವಳು, ನಾನು ಹೇಳಿರಲಿಲ್ಲವೇ ಅನ್ನಲಿಲ್ಲ. ಸ್ಟೂಲು ಎಳೆದು ಕೂರಿಸಿ ನೀರು ಕೊಟ್ಟಳು. "ಹೊರೋದು ಕೊಡು ತಾಯಿ," ಅಂದ ಅವನು. "ಯಾವುದು ಸರಿ ಅನ್ನೋದನ್ನ ನೀನೇ ಹೇಳು. ನಾನು ಆರಿಸಲ್ಲ." ಅವನ ಕಿವಿಯನ್ನೂ, ತಗಡಿನ ಮಾಡನ್ನೂ, ನೀರು ಹಾಕಲು ಮರೆಯುವ ವಯಸ್ಸನ್ನೂ ಲೆಕ್ಕಕ್ಕೆ ಹಿಡಿದು ಅವಳು ಲಿಥಿಯಂ ಪೆಟ್ಟಿಗೆಯನ್ನೇ ಕೊಟ್ಟಳು. ತಾನೇ ಬಂದು, ಬಿಸಿಲು ಬೀಳದ ಗೋಡೆಗೆ ಜೋಡಿಸಿ, ಬ್ಯಾಟರಿ ತಗ್ಗಿದರೆ ಕೆಂಪು ದೀಪ ಹೊಡೆದುಕೊಳ್ಳುವ ಹಾಗೆ ಮಾಡಿಕೊಟ್ಟಳು. ಇಂಜಿನ್ನಿನ ದುಡ್ಡು ಅದಕ್ಕೇ ಹೋಯಿತು.

ಆಮೇಲಿನ ದಿನಗಳಲ್ಲಿ ಆ ಮುದುಕ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಫ್ರಿಜ್ಜನ್ನು ಕಾದ. ಅದರ ಪಕ್ಕದಲ್ಲೇ ಚಾಪೆ ಹಾಸಿ, ಅಂಗೈಯನ್ನು ಅದರ ಮೈಗೆ ಹಚ್ಚಿ ಮಲಗುವನು. ನಡುಕ ನಿಂತರೆ ಕೈಗೆ ಎಚ್ಚರವಾಗುವುದು, ಇದು ತಂಪು ಸಾಕಾಗಿ ನಿಂತದ್ದೋ ಸತ್ತು ನಿಂತದ್ದೋ ಎಂದು ಎದ್ದು ಕೂರುವನು. ಬಟ್ಟಲಲ್ಲಿ ನೀರು ಗಟ್ಟಿ ಮಾಡಿ ಸ್ಟೆಪ್ನಿಯನ್ನು ಮೇಲಿಟ್ಟಿದ್ದ. ಪ್ರತಿ ಬೆಳಿಗ್ಗೆ ಅದು ಮೇಲೆಯೇ ಇರುವುದು. ಮೋಡ ಕವಿದ ದಿನಗಳೂ ಬಂದು ಹೋದವು, ಅದು ಮೇಲೆಯೇ ಇತ್ತು.

ಕಿರಿಮಗಳು ಹಾರ್ನನ್ನು ಕರೆದುಕೊಂಡು ಬಂದದ್ದು ಬಟ್ಟೆಬರೆ ತುಂಬಿಕೊಳ್ಳಲು. ಅಜ್ಜ ಹೊಸಿಲಲ್ಲೇ ಮಗಳ ಕೈ ಹಿಡಿದು ಎಳೆದ. "ಬಾ ಇಲ್ಲಿ, ನೋಡು. ಮುಳುಗಿಲ್ಲ. ನೋಡು ಮಗಳೇ, ಒಂದು ದಿನವೂ ಮುಳುಗಿಲ್ಲ. ಈಗ ಹಾಕಿರೋದು ಸರಿಯಾದ ಬ್ಯಾಟರಿ. ರಾತ್ರಿಯೆಲ್ಲ ಹೊರುತ್ತೆ."

ಅವಳು ಬಟ್ಟಲನ್ನು ನೋಡಿದಳು. ಕಣ್ಣು ತುಂಬಿತು. "ಚೆನ್ನಾಗಿದೆ ಅಪ್ಪ."

"ಹಾಗಾದ್ರೆ ಬಿಡು ಅವಳನ್ನ. ನಿನ್ನ ಕಾಲು ಹಿಡೀತೀನಿ."

"ಬ್ಯಾಟರಿ ವಿಷಯ ಅಲ್ಲಪ್ಪ ನಾನು ಹೇಳ್ತಿರೋದು. ಅಂಗಡಿಯಾಕೆ ನಿನಗೆ ಹೇಳಿದ್ಲು. ಈ ಮಗು ಎಷ್ಟು ಸಲ ಹೇಳ್ತು ಮುಳುಗ್ತು ಅಂತ."

"ನನ್ನ ಕಿವಿ ಮಂದ ಕಣಮ್ಮ..."

"ಕಿವಿ ಮಂದ ಅಲ್ಲಪ್ಪ." ಅವಳು ಸೆರಗಿನಿಂದ ಮೂಗು ಒರೆಸಿಕೊಂಡು ಬಟ್ಟೆ ಮಡಚಲು ಕೂತಳು.

ಅಜ್ಜ ಹಾರ್ನಿನ ಕಡೆ ತಿರುಗಿದ. ಅವಳೊಬ್ಬಳು ಬಾಯಿ ಬಿಟ್ಟು ಕೂಗಿದ್ದರೆ, ಹುಟ್ಟಿದ ದಿನದ ಹಾಗೆ ಕೂಗಿದ್ದರೆ, ಮಗಳ ಮನಸ್ಸು ಕರಗುತ್ತಿತ್ತೋ ಏನೋ. ಹಾರ್ನು ಕೂಗಲಿಲ್ಲ. ಅವನ ಬಲಗಡೆಗೆ ಬಂದು, ಕಿವಿಗೆ ಬಾಯಿ ಹಚ್ಚಿ, "ನಾನು ಬಿಸ್ಕತ್ ತಿಂದಿರಲಿಲ್ಲ ಅಜ್ಜ," ಅಂದಳು.

"ಗೊತ್ತು ಪುಟ್ಟಾ. ಗೊತ್ತು."

"ಮೊದಲೇ ಗೊತ್ತಿರಲಿಲ್ಲ."

"ಇರಲಿಲ್ಲ," ಅಂದ ಅಜ್ಜ.

ಲಾರಿ ಎದ್ದಿದ್ದರೆ ಅವನೇ ಅವರನ್ನು ಬಸ್ಸಿನ ತನಕ ಬಿಡುತ್ತಿದ್ದ. ಬ್ಯಾಟರಿಯ ಪೆಟ್ಟಿಗೆ ಬಾಯಿ ತೆರೆದುಕೊಂಡೇ ಇತ್ತು. ಅವನು ಅವರ ಚೀಲ ಹೆಗಲಿಗೇರಿಸಿ ಹೊಸ ರಸ್ತೆಯ ತನಕ ನಡೆದ. ಚಹಾದಂಗಡಿಯ ಮುದುಕಿ ಹೊರಗೆ ಬಂದು ನಿಂತಳು, ಅವನು ಆಕೆಗೆ ಮುಖ ಕೊಡಲಾರದೆ ನೆಲ ನೋಡಿದ. ಮೋಡ ಹರಿದು ಬಿಸಿಲು ಬಂದಿತ್ತು. ಬಸ್ಸು ನಿಂತಿತು, ಹತ್ತಿಸಿಕೊಂಡಿತು, ಹೊರಟಿತು. ಹಿಂದಿನ ಕಿಟಕಿಯಲ್ಲಿ ಒಂದು ಪುಟ್ಟ ಕೈ ಕಂಡಿತು. ಅದು ಬೀಸುತ್ತಿತ್ತೋ ಕಂಬಿ ಹಿಡಿದಿತ್ತೋ ಅವನಿಗೆ ತಿಳಿಯಲಿಲ್ಲ.